ಪೆಟ್ರೋಲ್ ಸಾಲಿನ ಗಾನಗೋಷ್ಠಿ

ಹಾಡು ಮುಗಿಯಲು ಇನ್ನೊಂದೇ ಚರಣ ಬಾಕಿಯಿತ್ತು. ಕಾರಿನೊಳಗೆ ಪಕ್ಕದ ಸೀಟಿನಲ್ಲಿದ್ದ ಹೆಂಡತಿ, "ರೀ, ಸ್ವಲ್ಪ ಅದನ್ನ ನಿಲ್ಲಿಸ್ತೀರಾ? ನಿಮಗೊಂದು ಮಾತು ಹೇಳ್ಬೇಕು" ಎಂದಳು.

"ಇದೊಂದು ಚರಣ ಮುಗೀಲಿ ಕಣೇ. ಕೊಳಲು ಬರೋದೇ ಇಲ್ಲಿ" ಎಂದ ಕಟಿಂಗ್ ಮಾಸ್ಟರ್.

ಕೊಳಲು ಬಂತು, ಹೋಯಿತು. ಮಾಸ್ಟರ್ ಶಬ್ದ ತಗ್ಗಿಸಿ, "ಹಾಂ, ಈಗ ಹೇಳು" ಎಂದಾಗ ಆಕೆ ಕಿಟಕಿಯ ಹೊರಗೆ ನೋಡುತ್ತ, "ಏನಿಲ್ಲ" ಎಂದಳು.

'ಏನಿಲ್ಲ' ಎಂಬ ಮಾತಿನೊಳಗೆ ಒಂದು ಲಾರಿ ಸಾಮಾನು ತುಂಬಿರುತ್ತದೆಂದು ಮದುವೆಯಾದ ಯಾವ ಗಂಡಸಿಗೂ ಗೊತ್ತು. ಮಾಸ್ಟರಿಗೂ ಗೊತ್ತಿತ್ತು. ಆದರೆ ಅಷ್ಟರಲ್ಲಿ ಮುಂದಿನ ಹಾಡು ಶುರುವಾಗಿಬಿಟ್ಟಿತ್ತು. ಮರುದಿನ ಆಕೆ ಬ್ಯಾಗು ಹೆಗಲಿಗೇರಿಸಿಕೊಂಡು ತವರಿಗೆ ಹೋದಳು. ಜಗಳವಿಲ್ಲ, ಅಳುವಿಲ್ಲ. ಜಗಳವಾದರೂ ಆಗಿದ್ದರೆ ರಾಜಿಗೆ ಒಂದು ತುದಿ ಸಿಗುತ್ತಿತ್ತು.

ಶಾಲೆಯ ಸಮವಸ್ತ್ರ, ಆಸ್ಪತ್ರೆಯ ಕೋಟು ಹೊಲಿಯುವ ಅಂಗಡಿಯಲ್ಲಿ ಅವನ ಕೆಲಸ ಬಟ್ಟೆ ಕತ್ತರಿಸುವುದು. ಅಳತೆ ಎರಡು ಸಲ, ಕತ್ತರಿ ಒಂದೇ ಸಲ ಎನ್ನುವ ಮನುಷ್ಯ. ಒಂದೆಳೆ ಆಚೀಚೆಯಾದರೂ ಆ ರಾತ್ರಿ ನಿದ್ದೆ ಬಾರದು. ಇಂಥವನಿಗೆ ಇದ್ದದ್ದು ಒಂದೇ ಶೋಕಿ. ಅವನ ಕಾರು ಮೂರು ಕೈ ದಾಟಿ ಬಂದದ್ದು. ಬಣ್ಣ ಹೋಗಿತ್ತು, ಹಿಂದಿನ ಒಂದು ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತಿತ್ತು. ಆದರೆ ಒಳಗೆ ಬಾಗಿಲಿಗೊಂದು ಸ್ಪೀಕರ್, ಡಿಕ್ಕಿಯ ತುಂಬ ಟ್ರಂಕಿನಂಥ ಇನ್ನೊಂದು. ಅವನ್ನು ಕೂರಿಸಿದ ದಿನ ಹೆಂಡತಿ, "ಕಾರು ತಂದ್ರಿ ಅಂದ್ಕೊಂಡಿದ್ದೆ. ಚಕ್ರ ಇರೋ ರೇಡಿಯೋ ತಂದಿದ್ದೀರ" ಎಂದಿದ್ದಳು. ಆಗ ಅವನು ನಕ್ಕಿದ್ದ. ಅದು ನಗುವ ಮಾತಾಗಿರಲಿಲ್ಲವೇನೋ ಎಂದು ಅನ್ನಿಸಿದ್ದು ಆಕೆ ಹೋದ ಮೇಲೆ.

ವಾರ ಕಳೆಯುವಷ್ಟರಲ್ಲಿ ಮನೆ ಅವನನ್ನು ತಿನ್ನತೊಡಗಿತು. ಕೊನೆಗೆ ಧೈರ್ಯ ಮಾಡಿ ಫೋನ್ ಹಚ್ಚಿದ. "ನಾಳೆ ರಜೆ ಹಾಕ್ತೀನಿ. ನಾನೇ ಬಂದು ಕರ್ಕೊಂಡು ಬರ್ತೀನಿ. ದಾರೀಲಿ ಹಾಡು ಗೀಡು ಏನೂ ಇಲ್ಲ. ನೀನು ಅವತ್ತು ಹೇಳ್ಬೇಕು ಅಂದಿದ್ದನ್ನ ಹೇಳು. ನಾನು ಕೇಳ್ತೀನಿ."

ಆ ಕಡೆಯಿಂದ ಆಕೆ, "ಊಟಕ್ಕೆ ಬನ್ನಿ, ಕಾಯ್ತೀನಿ. ತಡ ಆದ್ರೆ ಒಂದು ಫೋನ್ ಮಾಡಿ, ಅಷ್ಟು ಸಾಕು" ಎಂದಳು. ದನಿ ಮೆತ್ತಗಿತ್ತು.

ಬೆಳಿಗ್ಗೆ ನೇರ ಹೊರಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ರಜೆ ಹಾಕಿದವನಿಗೂ ಕತ್ತರಿಸಿಟ್ಟ ಅಂಗಿಯ ತೋಳುಗಳದೇ ಚಿಂತೆ. ಅವುಗಳ ಕಟ್ಟು ಹೊಲಿಯುವವರಿಗೆ ಒಪ್ಪಿಸಿ ಹೋಗೋಣವೆಂದು ಅಂಗಡಿಗೆ ಹೋದ. ಬಾಗಿಲಲ್ಲೇ ಇಸ್ತ್ರಿಯಣ್ಣ ಸಿಕ್ಕಿದ. ಲೋಕದ ಸುದ್ದಿಯೆಲ್ಲ ಲೋಕಕ್ಕಿಂತ ಮೊದಲು ಅವನ ಇಸ್ತ್ರಿ ಮೇಜಿಗೆ ಬರುತ್ತಿತ್ತು.

"ಮಾಸ್ಟ್ರೇ, ಗೊತ್ತಾಯ್ತಾ? ನಾಳೆಯಿಂದ ಪೆಟ್ರೋಲ್ ಇಲ್ಲ! ಟ್ಯಾಂಕರ್‌ನವರು ಮುಷ್ಕರ ಅಂತ ಗಾಡಿ ಎತ್ತಲ್ವಂತೆ. ನನ್ನ ಷಡ್ಡಕನ ಫ್ರೆಂಡು ಕಣ್ಣಾರೆ ನೋಡಿದ್ದಾನೆ."

"ನಾಳೆ ಆಗೋದನ್ನ ಇವತ್ತು ಹೇಗಪ್ಪ ಕಣ್ಣಾರೆ ನೋಡ್ದ?" ಎಂದು ಒಳಗಿನಿಂದ ಕಾಜಾ ಅಕ್ಕ ಕೇಳಿದಳು. ಅಂಗಡಿಯ ಗುಂಡಿಗಳಿಗೆಲ್ಲ ಕಾಜಾ ಹಾಕುವವಳು ಅವಳೇ. ತೂತು ಎಲ್ಲಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು.

ಮಾಸ್ಟರ್ ಆಗಲೇ ಲೆಕ್ಕ ಹಾಕತೊಡಗಿದ್ದ. "ನನ್ನ ಗಾಡೀಲಿ ಹೋಗೋಕೆ ಆಗೋವಷ್ಟಿದೆ. ಬರೋಕೆ ಸಾಲ್ದು."

"ಹೋಗೋಕೆ ಇದೆಯಲ್ಲ? ಹೋಗಿ ಮಾಸ್ಟ್ರೇ. ಬರೋದನ್ನ ಅವಳ ಜೊತೆ ಕೂತು ಯೋಚ್ನೆ ಮಾಡಿ" ಎಂದಳು ಕಾಜಾ ಅಕ್ಕ.

"ಚೆನ್ನಾಗಿದೆ ನಿನ್ನ ಬುದ್ಧಿ!" ಎಂದ ಇಸ್ತ್ರಿಯಣ್ಣ. "ಮಾವನ ಮನೆ ಮುಂದೆ ಗಾಡಿ ನಿಂತ್ರೆ ಮರ್ಯಾದೆ ಏನಾಗ್ಬೇಕು? ಹೆಂಡ್ತೀನ ಕರ್ಕೊಂಡು ಹೋಗೋಕೆ ಬಂದೋನು ತಾನೇ ಅಲ್ಲಿ ಠಿಕಾಣಿ ಹೂಡ್ದ ಅಂತಾರೆ. ಫುಲ್ ಟ್ಯಾಂಕ್ ಹಾಕಿಸ್ಕೊಂಡು, ಗಂಡಸಿನ ಥರ ಹೋಗಿ."

ಒಳ್ಳೆಯ ಬುದ್ಧಿಯೂ ಕೆಟ್ಟ ಬುದ್ಧಿಯೂ ಒಟ್ಟಿಗೆ ಎದುರು ನಿಂತರೆ ಮಾಸ್ಟರ್ ಯಾವಾಗಲೂ ಜೋರು ದನಿಯದನ್ನೇ ಆರಿಸುತ್ತಿದ್ದ.

ಮಾವನ ಮನೆಯ ದಾರಿಯಲ್ಲೇ ಊರ ಹೊರಗಿದ್ದ ಬಂಕಿನ ಮುಂದೆ ಸಾಲು ಬಿಚ್ಚಿ ಎಸೆದ ಬಟ್ಟೆಯ ಥಾನಿನಂತೆ ರಸ್ತೆಯುದ್ದ ಬಿದ್ದಿತ್ತು. ಕಾರು, ಸ್ಕೂಟರು, ಕ್ಯಾನು ಹಿಡಿದವರು, ಬಕೆಟ್ಟು ಹಿಡಿದವರು. ಗಾಡಿಯೇ ಇಲ್ಲದ ಒಬ್ಬನೂ ಸಾಲಿನಲ್ಲಿದ್ದ. ಕೇಳಿದರೆ, "ಇರ್ಲಿ ಅಂತ" ಎಂದ.

ಮಾಸ್ಟರ್ ಇಂಜಿನ್ ಆರಿಸಿ ಕೂತ. ಹೆಂಡತಿಗೆ ಹೇಳಬೇಕಾದ ಕ್ಷಮೆಯ ಮಾತನ್ನು ಬಾಯಿಪಾಠ ಮಾಡತೊಡಗಿದ. 'ತಪ್ಪು ನನ್ನದೇ...' ಎಂಬಲ್ಲಿಗೆ ಬಂದಾಗಲೆಲ್ಲ ಮುಂದಿನ ಮಾತು ಮರೆತು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ಸಣ್ಣಗೆ ಒಂದು ಹಾಡು ಹಾಕಿಕೊಂಡರೆ ತಪ್ಪೇನು? ಕೊಟ್ಟ ಮಾತು ಆಕೆ ಪಕ್ಕದಲ್ಲಿರುವಾಗ ತಾನೇ? ಸಣ್ಣಗೆ ಹಾಕಿದ.

ಮುಂದಿನ ಕಾರಿನ ಮುದುಕ ಟ್ಯಾಕ್ಸಿ ಡ್ರೈವರ್ ಇಳಿದು ಬಂದು ಬಾಗಿ ನೋಡಿದ. "ಏನ್ ಸಾರ್ ಇದು, ಕಾರಾ, ಥಿಯೇಟರಾ? ಒಂಚೂರು ಜೋರು ಮಾಡಿ. ಮುಂದಕ್ಕೂ ಕೇಳ್ಸಲಿ."

ಆ ಸ್ಪೀಕರುಗಳನ್ನು ಇಷ್ಟು ವರ್ಷದಲ್ಲಿ ಯಾರೂ ಹೊಗಳಿರಲಿಲ್ಲ. ಗಂಜಿ ಹಾಕಿದ ಕಾಲರಿನಂತೆ ಮಾಸ್ಟರಿನ ಎದೆ ಸೆಟೆದು ನಿಂತಿತು. ಜೋರು ಮಾಡಿದ. ಹಿಂದಿನಿಂದ ಸ್ಕೂಟರಿನ ಮೀಸೆಯವನು ಬಂದ, ಕ್ಯಾನು ಹಿಡಿದ ಹೆಂಗಸು ಬಂದಳು. ನಾಲ್ಕೂ ಬಾಗಿಲು ತೆರೆದುಕೊಂಡವು, ಹೊರಗಿನಿಂದ ಮಾತ್ರ ತೆರೆಯುವುದೂ ಸೇರಿ.

"ಹಳೇದು ಹಾಕಿ ಸಾರ್, ಅರ್ಥ ಇರೋದು" ಎಂದ ಟ್ಯಾಕ್ಸಿ ತಾತ.

"ಅರ್ಥ ತಗೊಂಡು ಏನ್ ಮಾಡ್ತೀಯಾ ತಾತ, ಡ್ರಮ್ಸ್ ಇರೋದು ಹಾಕ್ಲಿ" ಎಂದ ಮೀಸೆ.

"ಹಾಡು ಸಾಕು, ವಾರ್ತೆ ಹಾಕಪ್ಪ. ಪೆಟ್ರೋಲ್ ಸಿಗುತ್ತೋ ಇಲ್ವೋ ತಿಳೀಲಿ" ಎಂದಳು ಕ್ಯಾನಿನ ಹೆಂಗಸು.

"ವಾರ್ತೆ ಕೇಳ್ಬಿಟ್ರೆ ಸಾಲಲ್ಲಿ ನಿಲ್ಲೋ ಮಜಾನೇ ಹೋಗುತ್ತಲ್ಲಮ್ಮ!" ಎಂದ ಮೀಸೆ.

ಒಬ್ಬರಿಗೊಂದರಂತೆ ಹಾಡು ಹಂಚುತ್ತ ಮಾಸ್ಟರ್ ಮದುವೆ ಮನೆಯ ಯಜಮಾನನಂತೆ ಓಡಾಡಿದ. ಅಷ್ಟರಲ್ಲಿ ಹಾಡು ತಟ್ಟನೆ ನಿಂತು ಫೋನ್ ರಿಂಗಾಯಿತು. ಮಾಸ್ಟರ್ ಎತ್ತಿದ್ದೇ ತಡ, ನಾಲ್ಕೂ ಬಾಗಿಲುಗಳಿಂದ ಇಸ್ತ್ರಿಯಣ್ಣನ ದನಿ ರಸ್ತೆಯ ತುಂಬ ಗುಡುಗಿತು. "ಮಾಸ್ಟ್ರೇ! ಮುನಿಸ್ಕೊಂಡು ಹೋದ ಹೆಂಡ್ತಿ ಸಿಕ್ಕಿದ್ಲಾ, ಪೆಟ್ರೋಲ್ ಸಿಕ್ತಾ?"

ಹಾಡು ಬರುತ್ತಿದ್ದದ್ದು ಅವನ ಫೋನಿನಿಂದ. ಆ ಫೋನಿಗೆ ಬಂದ ಕರೆಯೂ ಅದೇ ಸ್ಪೀಕರಿನಿಂದ ಬರಬೇಕಷ್ಟೆ. ಮಾಸ್ಟರ್ ತಡಬಡಿಸಿ ಕರೆ ಕತ್ತರಿಸುವಷ್ಟರಲ್ಲಿ ಅವನ ಸಂಸಾರ ಸಾಲಿನ ಕೊನೆಯವರೆಗೂ ಹರಾಜಾಗಿತ್ತು.

"ಅಯ್ಯೋ ಪಾಪ, ಹೊಡೆದ್ರಾ?" ಎಂದಳು ಕ್ಯಾನಿನ ಹೆಂಗಸು.

"ಛೆ ಛೆ! ಹಾಡು ನಿಲ್ಲಿಸ್ಲಿಲ್ಲ, ಅಷ್ಟೇ ಅಮ್ಮ."

"ಇಷ್ಟು ಒಳ್ಳೆ ಹಾಡನ್ನ ಯಾರಾದ್ರೂ ನಿಲ್ಲಿಸ್ತಾರಾ? ತಪ್ಪು ನಿಮ್ದಲ್ಲ ಬಿಡಿ ಸಾರ್" ಎಂದು ಮೀಸೆ ತೀರ್ಪು ಕೊಟ್ಟ. ಎಂದೂ ನೋಡದವನು ಕೊಟ್ಟ ಆ ತೀರ್ಪು ಮಾಸ್ಟರಿಗೆ ಹಿತವೆನಿಸಿತು. ಆಮೇಲೆ ನೆನೆದಾಗಲೆಲ್ಲ ಅವನಿಗೆ ಎಲ್ಲಕ್ಕಿಂತ ನಾಚಿಕೆ ಎನಿಸಿದ್ದು ಈ ಹಿತವೇ.

ಇಸ್ತ್ರಿಯಣ್ಣ ಬಿಡಲಿಲ್ಲ. ಮತ್ತೆ ಮತ್ತೆ ಕರೆ, ಮತ್ತೆ ಮತ್ತೆ ಹಾಡಿಗೆ ಕತ್ತರಿ. ಸಾಲಿಗೆ ಸಿಟ್ಟು ಬಂತು. "ವಿಮಾನದ ಗುರುತಿದೆಯಲ್ಲ, ಅದನ್ನೊತ್ತಿ ಸಾರ್" ಎಂದ ಟ್ಯಾಕ್ಸಿ ತಾತ. "ಹಾಡು ಓಡುತ್ತೆ, ಫೋನ್ ಬರಲ್ಲ. ಪ್ಯಾಸೆಂಜರ್ ಕಾಟ ಜಾಸ್ತಿಯಾದ್ರೆ ನಾನೂ ಹಾಗೇ ಮಾಡೋದು."

"ಮನೆಯವಳಿಗೆ ಫೋನ್ ಮಾಡ್ಬೇಕಿತ್ತು..."

"ಮಾಡುವಿರಂತೆ. ಈ ಹಾಡೊಂದು ಮುಗೀಲಿ" ಎಂದ ತಾತ.

ಐದೇ ನಿಮಿಷ ಎಂದುಕೊಂಡು ಮಾಸ್ಟರ್ ಒತ್ತಿದ. ಆ ಐದು ನಿಮಿಷ, ದರ್ಜಿಗಳು 'ನಾಳೆ ಕೊಡ್ತೀನಿ' ಎನ್ನುತ್ತಾರಲ್ಲ, ಆ ನಾಳೆಯಂಥದು.

ಊಟದ ಹೊತ್ತು ಬಂದು ಹೋಯಿತು. ಬಿಸಿಲು ಏರಿತು. ಸಾಲು ರಸ್ತೆಯನ್ನು ಅರ್ಧ ನುಂಗಿದ್ದರಿಂದ, ಊರ ಕಡೆ ಹೋಗುವ ಬಸ್ಸೊಂದು ಎದುರಿನಿಂದ ಬಂದು ಕಾರಿನ ಪಕ್ಕದಲ್ಲೇ ತೆವಳತೊಡಗಿತು. ನೋಡಿದರೆ ಕಿಟಕಿ ಕಿಟಕಿಯಿಂದ ಕೈಗಳು ಬೀಸುತ್ತಿವೆ! ಕಂಡಕ್ಟರ್ ಮೆಟ್ಟಿಲ ಮೇಲೆ ನಿಂತು ಸೀಟಿ ಊದುತ್ತಿದ್ದಾನೆ. ಎಲ್ಲರೂ ಏನೋ ಕೂಗುತ್ತಿದ್ದಾರೆ. ಗಾಜಿನ ಮೇಲಿನ ಬಿಸಿಲಿಗೆ ಮುಖಗಳು ಕಾಣುತ್ತಿರಲಿಲ್ಲ.

"ನೋಡಿ ಸಾರ್, ಬಸ್ಸಿನವ್ರೂ ಅಭಿಮಾನಿಗಳಾಗಿಬಿಟ್ರು!" ಎಂದ ಮೀಸೆ.

ಬಸ್ಸು ಪೂರ್ತಿ ನಿಂತೇಬಿಟ್ಟಿತು. ಮಾಸ್ಟರಿಗೆ ಜೀವಮಾನದಲ್ಲಿ ಅಂಥ ಸನ್ಮಾನ ಆಗಿರಲಿಲ್ಲ. ಮಂತ್ರಿಯ ಹಾಗೆ ಕೈ ಎತ್ತಿ ಬೀಸಿದ. ಪಾಪ, ಕೇಳಿಸುತ್ತಿಲ್ಲವೇನೋ ಎಂದು ಬಗ್ಗಿ ಶಬ್ದವನ್ನು ಕೊನೆಯವರೆಗೂ ಏರಿಸಿದ. ಸಾಲು ಚಪ್ಪಾಳೆ ತಟ್ಟಿತು. ಬಸ್ಸು ಇನ್ನೊಂದು ಗಳಿಗೆ ನಿಂತಿದ್ದು, ಹೊರಟುಹೋಯಿತು.

ಅಂತೂ ಅವನ ಸರದಿ ಬಂತು. ಕೀಲಿ ತಿರುಗಿಸಿದ. ಕಾರು 'ಕಟ್' ಎಂದಿತು. ಹಾಡೂ ನಿಂತಿತು. ಬೆಳಿಗ್ಗೆಯಿಂದ ಊರಿಗೆಲ್ಲ ಹಾಡಿ ಬ್ಯಾಟರಿ ಪ್ರಾಣ ಬಿಟ್ಟಿತ್ತು. ಹಾಡು ನಿಂತ ಕೂಡಲೇ ಅಭಿಮಾನವೂ ನಿಂತಿತು. "ತಳ್ರೋ ಆ ಡಬ್ಬಾನ, ದಾರಿಗಡ್ಡ!" ಎಂದವನು ಅದೇ ಮೀಸೆ. ಎಲ್ಲರೂ ಸೇರಿ ಬಂಕಿನೊಳಗೆ ತಳ್ಳಿದರು. ಟ್ಯಾಂಕು ತುಂಬಿ ಮುಚ್ಚಳ ಹಾಕುವುದಕ್ಕೂ, ಹಿಂದಿನಿಂದ ದೊಡ್ಡ ಟ್ಯಾಂಕರ್ ಲಾರಿ ಒಳಗೆ ಬರುವುದಕ್ಕೂ ಸರಿಹೋಯಿತು.

"ನಾಳೆಯಿಂದ ಮುಷ್ಕರ ಅಂದ್ರಲ್ಲ?" ಎಂದು ಮಾಸ್ಟರ್ ಬಾಯಿ ಬಿಟ್ಟ.

"ಯಾರ್ ಸ್ವಾಮಿ ಅಂದಿದ್ದು?" ಎಂದ ಬಂಕಿನವನು. "ದಿನಾ ಬರೋ ಹಾಗೆ ಇವತ್ತೂ ಬಂದಿದೆ, ನಾಳೇನೂ ಬರುತ್ತೆ. ನೀವುಗಳು ಮುಗಿಬಿದ್ದಿದ್ದಕ್ಕೆ ಸಾಲು. ಸಾಲು ನೋಡಿ ಇನ್ನಷ್ಟು ಸಾಲು."

ಮತ್ತೊಮ್ಮೆ ತಳ್ಳಿಸಿಕೊಂಡು ಕಾರು ಕೆಮ್ಮುತ್ತ ಹೊರಟಿತು. ಇನ್ನು ಇಂಜಿನ್ ನಿಲ್ಲಿಸುವ ಹಾಗಿಲ್ಲ, ನಿಂತರೆ ಮುಗಿಯಿತು. ಅರ್ಧ ದಾರಿಯಲ್ಲಿ ಫೋನಿನ ನೆನಪಾಯಿತು. ವಿಮಾನವನ್ನು ನೆಲಕ್ಕಿಳಿಸಿದ್ದೇ ತಡ, ತಪ್ಪಿದ ಕರೆಗಳ ಸಂದೇಶಗಳು ಒಂದರ ಹಿಂದೊಂದು ಕಿಣಿಕಿಣಿಗುಟ್ಟಿದವು. ಇಸ್ತ್ರಿಯಣ್ಣನದು ಒಂದೂ ಇರಲಿಲ್ಲ. ಎಲ್ಲವೂ ಹೆಂಡತಿಯದೇ. ತಾನು ತಿರುಗಿ ಮಾಡಿದರೆ ಆಕೆ ಎತ್ತಲಿಲ್ಲ.

ಮಾವನ ಮನೆಯ ಮುಂದೆ ಕಾರನ್ನು ಗುರುಗುಟ್ಟಲು ಬಿಟ್ಟು ಒಳಗೆ ಓಡಿದ. ಅತ್ತೆ ಬಾಗಿಲಲ್ಲಿ, "ಈಗ ಬಂದ್ರಾ?" ಎಂದವರು ಸರಿದು ನಿಂತರು. ನಡುಮನೆಯಲ್ಲಿ ಹೆಂಡತಿ ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಮಾಸ್ಟರಿಗೆ ಹೋದ ಜೀವ ಬಂದಂತಾಯಿತು. ಆಹಾ, ಹೊರಟೇ ನಿಂತಿದ್ದಾಳೆ!

"ತುಂಬಾ ಹೊತ್ತಿಂದ ಕಾಯ್ತಿದ್ದೀಯಾ?"

"ಇಲ್ಲ. ನಾನೂ ಈಗಷ್ಟೇ ಬಂದೆ."

"ಎಲ್ಲಿಂದ?"

"ಪೆಟ್ರೋಲ್ ಬಂಕಿಂದ."

ಹೊರಗೆ ಕಾರು ಗುರುಗುಟ್ಟುತ್ತಲೇ ಇತ್ತು. ಆಕೆ ದನಿ ಏರಿಸಲಿಲ್ಲ. "ಫೋನ್ ಸಿಗ್ಲಿಲ್ಲ. ಪೆಟ್ರೋಲ್ ಇಲ್ಲ ಅಂತ ಇಲ್ಲೂ ಸುದ್ದಿ. ಪಾಪ, ಬಿಸಿಲಲ್ಲಿ ಎಲ್ಲಿ ನಿಂತು ಒದ್ದಾಡ್ತಿದ್ದೀರೋ ಅಂತ ಊಟಾನೂ ಬಿಟ್ಟು ಬಸ್ ಹತ್ತಿದೆ. ಕಿಟಕಿಯಿಂದ ಕೂಗಿದೆ. ಪಕ್ಕದವರು ಕೂಗಿದ್ರು. ಆಮೇಲೆ ಇಡೀ ಬಸ್ಸು ಕೂಗ್ತು. ಕಂಡಕ್ಟರ್ ಪಾಪ ಸೀಟಿ ಊದಿ ಊದಿ ಸುಸ್ತಾದ. ಡ್ರೈವರ್ ನನಗೋಸ್ಕರ ಬಸ್ ನಿಲ್ಲಿಸ್ದ. ನೀವು ನನ್ನ ಕಡೆ ನೋಡಿ ಕೈ ಬೀಸಿ..."

"ಬಿಸಿಲಿಗೆ ಕಾಣ್ಲಿಲ್ಲ ಕಣೇ!"

"...ಜೋರು ಮಾಡಿದ್ರಿ. ಮುಂದಿನ ಸ್ಟಾಪಲ್ಲಿ ಇಳಿದು ವಾಪಸ್ ಬಸ್ ಹತ್ತಿದೆ."

ಬಾಯಿಪಾಠ ಮಾಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. "ತಪ್ಪಾಯ್ತು" ಎಂಬುದೊಂದೇ ಉಳಿದಿತ್ತು. ಅದನ್ನೇ ಹೇಳಿದ. ಆಕೆಯ ಬ್ಯಾಗಿಗೆ ಕೈ ಚಾಚಿ, "ಬಾ, ಹೋಗೋಣ. ಫುಲ್ ಟ್ಯಾಂಕ್ ಇದೆ. ಹಾಡು ಹಾಕ್ಬೇಕು ಅಂದ್ರೂ ಬ್ಯಾಟರಿ ಇಲ್ಲ" ಎಂದ.

"ಬರ್ತೀನಿ. ಮನೆಯೇನೂ ತಪ್ಪು ಮಾಡಿಲ್ಲ" ಎಂದಳು ಆಕೆ. ಮಾಸ್ಟರಿನ ಮುಖ ಅರಳುವಷ್ಟರಲ್ಲಿ, "ಬಸ್ಸಲ್ಲಿ" ಎಂದಳು.

"ಬಾಗಿಲಲ್ಲಿ ಕಾರು ನಿಲ್ಲಿಸ್ಕೊಂಡು ಯಾರಾದ್ರೂ ಬಸ್ಸಲ್ಲಿ ಹೋಗ್ತಾರೇನೇ?" ಎಂದರು ಅತ್ತೆ.

"ಬಸ್ಸಲ್ಲಿ ನಾನೊಂದು ಮಾತು ಅಂದ್ರೆ ಹತ್ತು ಜನ ಕೇಳ್ತಾರಮ್ಮ."

ಹಾಗೆ, ತುಂಬಿದ ಟ್ಯಾಂಕಿನ ಖಾಲಿ ಕಾರು ಸಂಜೆಯ ಬಸ್ಸಿನ ಹಿಂದೆ ಹೊರಟಿತು. ಬಸ್ಸಿನ ಹಿಂದಿನ ಗಾಜಿನಲ್ಲಿ ಹೆಂಡತಿಯ ತಲೆ ಕಾಣುತ್ತಿತ್ತು, ಅದರ ಪಕ್ಕ ಯಾರೋ ಹೆಂಗಸಿನದು. ಬಸ್ಸು ಊರು ದಾಟುವುದರೊಳಗೆ ಎರಡು ತಲೆಗಳೂ ಹತ್ತಿರ ಬಂದವು. ಹೆಂಡತಿ ಕೈ ಆಡಿಸುತ್ತ ಏನೋ ಹೇಳುತ್ತಿದ್ದಳು. ಆ ಹೆಂಗಸು ಬಾಯಿಗೆ ಕೈ ಹಿಡಿದುಕೊಂಡಳು. ಆಮೇಲೆ ಹೆಂಡತಿಯ ಭುಜದ ಮೇಲೆ ಕೈ ಇಟ್ಟಳು. ಮಾಸ್ಟರ್ ಕಿಟಕಿ ಪೂರ್ತಿ ಇಳಿಸಿ, ಬಸ್ಸಿಗೆ ಮೂಗು ತಾಗುವಷ್ಟು ಹತ್ತಿರ ಕಾರು ಓಡಿಸಿದ. ಹೊಗೆ ಬಂತೇ ಹೊರತು ಮಾತು ಬರಲಿಲ್ಲ. ಮುಂದೆ ಹೋಗೆಂದು ಕಂಡಕ್ಟರ್ ಕೈ ಮಾಡಿದ. ಹಿಂದಿನವರು ಹಾರನ್ ಹೊಡೆದರು. ಅವನು ಮುಂದೆ ಹೋಗಲಿಲ್ಲ.

ಒಂದು ನಿಲ್ದಾಣದಲ್ಲಿ ಆ ಹೆಂಗಸು ಇಳಿದಳು. ಮಾಸ್ಟರ್ ಕಾರು ನಿಧಾನ ಮಾಡಿ ಕಿಟಕಿಯಿಂದ ತಲೆ ಹೊರಹಾಕಿದ. ಏನೆಂದು ಕೇಳುವುದು? 'ನನ್ನ ಹೆಂಡತಿ ನನಗೆ ಹೇಳಬೇಕೆಂದಿದ್ದು ಏನಮ್ಮಾ?' ಎಂದೇ?

ಆಕೆ ಒಮ್ಮೆ ಕಾರನ್ನು ನೋಡಿದಳು, ಒಮ್ಮೆ ಅವನನ್ನು. ಇವನೇನಾ ಅವನು ಎಂಬಂತೆ ಅಡಿಯಿಂದ ಮುಡಿಯವರೆಗೆ ಅಳತೆ ತೆಗೆದಳು. ನಿಟ್ಟುಸಿರು ಬಿಟ್ಟು, ಸೆರಗು ಸರಿಮಾಡಿಕೊಂಡು ತನ್ನ ದಾರಿ ಹಿಡಿದಳು. ಬಸ್ಸು ಆಗಲೇ ಹೊರಟಿತ್ತು.