ಬ್ಯಾಟರಿಗೆ ಬೆಸುಗೆ ಹಾಕಿದ ಮಹಾನುಭಾವರಿಗೆ

ಮಾನ್ಯರೇ,

ತಮ್ಮ ಹೆಸರು ನನಗೆ ಗೊತ್ತಿಲ್ಲ, ಮುಖ ನೋಡಿದವಳಲ್ಲ. ಆದರೂ ನಮ್ಮ ಚಿಕ್ಕಪ್ಪನ ಹಳೆಯ ಎಲೆಕ್ಟ್ರಾನಿಕ್ ಕೀಬೋರ್ಡಿನ ಹೊಟ್ಟೆಯೊಳಗೆ, ನಾಣ್ಯದಷ್ಟಗಲದ ಬ್ಯಾಟರಿಯೊಂದನ್ನು ಜನ್ಮದಲ್ಲಿ ಯಾರೂ ಬದಲಿಸಬಾರದೆಂಬ ನಿಷ್ಠೆಯಿಂದ ಬೆಸುಗೆ ಹಾಕಿ ಕೂರಿಸಿದ ಆ ಎರಡು ಕೈಗಳಿಗೆ ಮೊದಲಾಗಿ ನನ್ನ ಅನಂತ ನಮಸ್ಕಾರಗಳು. ತಾವು ಎಲ್ಲಿದ್ದರೂ ಬೆನ್ನುನೋವಿಲ್ಲದೆ, ಮನೆಯ ಟಾರ್ಚು ರಿಮೋಟುಗಳೆಲ್ಲ ಸದಾ ಬೆಳಗುತ್ತ, ಸುಖವಾಗಿದ್ದೀರೆಂದು ಭಾವಿಸುತ್ತೇನೆ. ಕನ್ನಡಕದ ಅಂಗಡಿ ನಡೆಸುವ ನಾನು ಹೀಗೆ ಊರಿಗೆಲ್ಲ ಕಾಣುವಂತೆ ಬರೆಯಬೇಕಾಗಿ ಬಂದದ್ದು, ತಮ್ಮ ಕಂಪನಿಗೆ ಗುಟ್ಟಾಗಿ ಬರೆದಾಗ, ಇಂಥದೊಂದು ವಾದ್ಯವನ್ನು ತಯಾರಿಸಿದ ನೆನಪೇ ಇಲ್ಲವೆಂಬ ಉತ್ತರ ಬಂದದ್ದರಿಂದ. ಕಂಪನಿಯ ತಲೆಯೊಳಗಿನ ಬ್ಯಾಟರಿಯನ್ನೂ ತಾವೇ ಬೆಸೆದಿರೇನೋ.

ನಮ್ಮ ಚಿಕ್ಕಪ್ಪ ಪ್ರಾಯದಲ್ಲಿ ನೃತ್ಯಶಾಲೆಯೊಂದರ ಬ್ಯಾಂಡಿನಲ್ಲಿ ಈ ಕೀಬೋರ್ಡು ನುಡಿಸುತ್ತಿದ್ದವರು. ಅದರ ಗುಂಡಿಗಳನ್ನು ತಿರುಗಿಸಿ ತಿರುಗಿಸಿ ಅವರು ತಾವೇ ಕಟ್ಟಿದ ಒಂದು ಸ್ವರ, ನೆಗಡಿಯಾದ ಕೊಳಲು ಪ್ರೀತಿಯಲ್ಲಿ ಬಿದ್ದರೆ ಹೇಗೋ ಹಾಗಿದ್ದ ಸ್ವರ, ಕೀಬೋರ್ಡಿನ ನೆನಪಿನಲ್ಲಿ ಉಳಿದಿತ್ತು. ಕರೆಂಟು ತೆಗೆದರೂ ಆ ನೆನಪು ಅಳಿಯದಂತೆ ಕಾಯುತ್ತಿದ್ದುದು ತಮ್ಮ ಬ್ಯಾಟರಿ. ಸ್ವರ ಕಟ್ಟಿದ್ದು ಬ್ಯಾಂಡಿನ ಗಾಯಕಿಗಾಗಿ. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ ಚಿಕ್ಕಪ್ಪ ನುಡಿಸುತ್ತಲೇ ಹೋದರು, ಅರ್ಥವಾಗದೆ ಆಕೆ ಹಾಡುತ್ತಲೇ ಹೋಗಿ ಇನ್ನೊಬ್ಬರನ್ನು ಮದುವೆಯಾದರು. ಈಗ ಗಂಡ ತೀರಿಕೊಂಡು, ಮಕ್ಕಳಿಗೆ ಈಜು ಕಲಿಸುತ್ತಿರುವ ಆಕೆ ಕಳೆದ ವರ್ಷ ಔಷಧಿ ಅಂಗಡಿಯಲ್ಲಿ ಚಿಕ್ಕಪ್ಪನಿಗೆ ಎದುರಾದರು. ಮಂಡಿನೋವಿನ ಮುಲಾಮು ಒಂದೇ ಡಬ್ಬಿ ಉಳಿದಿತ್ತು. ಹಂಚಿಕೊಂಡರು. ಮಾತು ಬೆಳೆಯಿತು, ಮದುವೆಯವರೆಗೂ ಬಂತು, ಆಕೆ ಒಂದೇ ಷರತ್ತು ಹಾಕಿದರು: "ಆಗ ಏನೋ ನುಡಿಸ್ತಿದ್ರಲ್ಲ, ಅದನ್ನ ಮದುವೆ ದಿನ ಇನ್ನೊಂದ್ಸಲ ಕೇಳಿಸಿ. ಇಲ್ದಿದ್ರೆ ನನಗೆ ಬೆಳಿಗ್ಗೆ ಕ್ಲಾಸಿದೆ."

ಬೀರುವಿನ ಮೇಲಿಂದ ಕೀಬೋರ್ಡನ್ನು ಇಳಿಸಿ ಸ್ವಿಚ್ಚು ಹಾಕಿದಾಗ ಅದು ಉಸಿರಾಡಿತು, ಸ್ವರವೂ ಇತ್ತು, ಜೊತೆಗೆ ಪುಟ್ಟ ಪರದೆಯ ಮೇಲೆ ಬ್ಯಾಟರಿ ಕೊನೆಯುಸಿರೆಳೆಯುತ್ತಿದೆಯೆಂಬ ಸೂಚನೆಯೂ ಇತ್ತು. ರಿಪೇರಿಯವರು ಮುಚ್ಚಳ ಬಿಚ್ಚಿ, ಮಾನ್ಯರೇ, ತಮ್ಮ ಬೆಸುಗೆಯನ್ನು ಕಂಡು, ಟೋಪಿ ತೆಗೆದರು. "ಬ್ಯಾಟರಿ ತೆಗೆದ್ರೆ ಒಳಗಿರೋ ಸ್ವರ ಹೋಗತ್ತೆ. ತೆಗೀದಿದ್ರೂ ಹೋಗತ್ತೆ. ನಿಮಗೆ ಹೇಗೆ ಬೇಕು?" ಎಂದು ಕೇಳಿದರು. ಇಷ್ಟೊಂದು ಸ್ವಾತಂತ್ರ್ಯವನ್ನು ಗ್ರಾಹಕರಿಗೆ ಬಿಟ್ಟುಕೊಟ್ಟ ತಮ್ಮ ಔದಾರ್ಯಕ್ಕೆ ನಾವು ಚಿರಋಣಿಗಳು.

ಒಂದು ದಾರಿಯಿತ್ತು: ಪಕ್ಕದಲ್ಲಿ ಇನ್ನೊಂದು ಬ್ಯಾಟರಿಯನ್ನು ತಂತಿಯಿಂದ ಕಚ್ಚಿಸಿ ನೆನಪಿಗೆ ಜೀವ ಹಿಡಿದಿಟ್ಟುಕೊಂಡು, ಆ ಹೊತ್ತಿನಲ್ಲಿ ಹಳೆಯದನ್ನು ಕೀಳುವುದು. ರಿಪೇರಿಯವರು ಕೈ ನಡುಗುತ್ತದೆಂದು ಒಲ್ಲೆನೆಂದರು. ನನ್ನ ಅಕ್ಕ ದಂತವೈದ್ಯೆ, ಅವಳ ಕೈ ನಡುಗುವುದಿಲ್ಲ. ಕನ್ನಡಕದ ಚೌಕಟ್ಟುಗಳಿಗೆ ಬೆಸುಗೆ ಹಾಕಿ ನನಗೂ ರೂಢಿಯಿದೆ. ಹಾಗಾಗಿ ಭಾನುವಾರ ಮಧ್ಯಾಹ್ನ, ರೋಗಿಗಳಿಲ್ಲದ ಕ್ಲಿನಿಕ್ಕಿನಲ್ಲಿ, ಕೀಬೋರ್ಡನ್ನು ಹಲ್ಲಿನ ಕುರ್ಚಿಯ ಮೇಲೆ ಮಲಗಿಸಿ ದೊಡ್ಡ ದೀಪ ಹಾಕಿದೆವು. ಆ ಇನ್ನೊಂದು ಬ್ಯಾಟರಿಯ ತಂತಿಯನ್ನು ಚಿಮುಟದಿಂದ ಒತ್ತಿ ಹಿಡಿಯುವ ಹೊಣೆ ಭಾವನದು. ಅಕ್ಕ ಅಭ್ಯಾಸಬಲದಿಂದ, "ಸ್ವಲ್ಪ ನೋವಾಗಬಹುದು, ತಡೆಯೋಕಾಗದಿದ್ರೆ ಕೈ ಎತ್ತಿ" ಎಂದಳು. ಮೂಲೆಯಲ್ಲಿ ಕೂತಿದ್ದ ಚಿಕ್ಕಪ್ಪ ತಕ್ಷಣ ಕೈ ಎತ್ತಿದರು.

ನಾನು ಬೆಸುಗೆ ಕರಗಿಸಿದೆ, ಅಕ್ಕ ಇಕ್ಕಳದಿಂದ ಮೆಲ್ಲಗೆ ಅಲ್ಲಾಡಿಸಿದಳು, ಬ್ಯಾಟರಿ ಬುಡಸಮೇತ ಈಚೆ ಬಂತು. ನೆನಪು ಇನ್ನೂ ಜೀವಂತ! ಆ ಗೆಲುವಿನ ಕ್ಷಣದಲ್ಲಿ ಅಕ್ಕ ಖಾಲಿ ಕೀಬೋರ್ಡಿಗೆ, "ಆಯ್ತು, ಬಾಯಿ ಮುಕ್ಕಳಿಸಿ" ಅಂದುಬಿಟ್ಟಳು. ಭಾವ ಹೊಟ್ಟೆ ಹಿಡಿದು ನಕ್ಕರು. ಹೊಟ್ಟೆ ಹಿಡಿಯಲು ಕೈ ಬೇಕಲ್ಲ, ಚಿಮುಟ ಜಾರಿತು. ಮತ್ತೆ ಕಚ್ಚಿಸಿದೆವು, ಹೊಸ ಬ್ಯಾಟರಿಯನ್ನೂ ಕೂರಿಸಿದೆವು. ಪರದೆಯ ಮೇಲೆ ಮಾತ್ರ ಯಾವ ಭಾಷೆಯದೂ ಅಲ್ಲದ ಗೀಚುಗಳು ಕುಣಿಯುತ್ತಿದ್ದವು.

"ಹೋಯ್ತಾ?" ಎಂದರು ಚಿಕ್ಕಪ್ಪ. "ಹೋಯ್ತು" ಎಂದೆ. ಅವರು ಯಾರನ್ನೂ ಬೈಯಲಿಲ್ಲ. ರೋಗಿಗಳ ಬೆಂಚಿನ ಮೇಲೆ ಕೂತು, ಹಳೆಯ ಬ್ಯಾಟರಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. ಅಷ್ಟು ಚಿಕ್ಕವರಾಗಿ ಅವರನ್ನು ನಾನು ಕಂಡದ್ದಿಲ್ಲ. ಸ್ವಲ್ಪ ಹೊತ್ತಿಗೆ ಈಜುಕೊಳದಿಂದ ಒದ್ದೆ ಕೂದಲಲ್ಲೇ ಬಂದ ಮದುಮಗಳಿಗೆ, "ಅದು ಉಳೀಲಿಲ್ಲ. ನೀವು ಕ್ಲಾಸಿಗೆ ಹೋಗಿ" ಎಂದರು.

ಆಕೆ ಸುಮ್ಮನೆ ಕೀಬೋರ್ಡಿನ ಒಂದು ಕೀ ಒತ್ತಿದರು. ಬಾತುಕೋಳಿಯೊಂದು ಹಾರ್ಮೋನಿಯಂ ನುಂಗಿ ಲಿಫ್ಟಿನಲ್ಲಿ ಸಿಕ್ಕಿಕೊಂಡಂಥ ಸದ್ದು ಕ್ಲಿನಿಕ್ಕನ್ನೆಲ್ಲ ತುಂಬಿತು. ಆಕೆ ನಕ್ಕು ನಕ್ಕು ನೆಲದ ಮೇಲೆಯೇ ಕೂತರು. ಕಣ್ಣೊರೆಸಿಕೊಂಡು, "ನಿಜ ಹೇಳ್ಲಾ? ಆ ಹಳೇದು ನನಗೆ ಒಂದು ಚೂರೂ ನೆನಪಿಲ್ಲ. ಅದನ್ನ ನುಡಿಸೋ ನೆಪದಲ್ಲಾದ್ರೂ ನೀವು ಬಾಯಿ ಬಿಡ್ತೀರೇನೋ ಅಂತ ಕೇಳಿದ್ದು" ಎಂದರು. ನುಡಿಸಲು ಏನೂ ಉಳಿಯದ ಚಿಕ್ಕಪ್ಪ ಅವರ ಪಕ್ಕ ನೆಲಕ್ಕಿಳಿದು, ಮಂಡಿನೋವನ್ನೂ ಮರೆತು, ಬಾಯಿಬಿಟ್ಟು ಹೇಳಿದರು. ಏನು ಹೇಳಿದರೆಂಬುದನ್ನು ಬಹಿರಂಗ ಪತ್ರದಲ್ಲಿ ಬರೆಯಲು ಅವರ ಒಪ್ಪಿಗೆಯಿಲ್ಲ. ಮದುವೆ ಆ ಬಾತುಕೋಳಿಯ ಸದ್ದಿನಲ್ಲೇ ಆಯಿತು; ವಿವಾಹ ನೋಂದಣಿ ಅಧಿಕಾರಿಗಳು ಕಿಟಕಿ ಮುಚ್ಚಿಸಿ ಸಹಕರಿಸಿದರು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ. ಕನ್ನಡಕಗಳನ್ನು ಗಿರಾಕಿಗಳ ಮೂಗಿಗೇ ಬೆಸೆಯುವ ವಿದ್ಯೆಯನ್ನು ದಯಮಾಡಿ ನನಗೂ ಕಲಿಸಿಕೊಡಿ, ಕಳೆದುಹೋಯಿತೆಂದು ಯಾರೂ ಬರಲಾರರು. ನಮ್ಮ ಭಾವನ ನಗುವಿಗೂ ಒಂದು ಸ್ವಿಚ್ಚು ಇಡಿಸಿಕೊಡಿ. ಇನ್ನು ತಾವು ಒಂದು ಸರಳ ಮುಚ್ಚಳ ಇಟ್ಟು, ಯಾರು ಬೇಕಾದರೂ ಬ್ಯಾಟರಿ ಬದಲಿಸುವಂತೆ ಮಾಡಿದ್ದರೆ, ಚಿಕ್ಕಪ್ಪ ಇವತ್ತಿಗೂ ನುಡಿಸುತ್ತ, ಬಾಯಿ ಮುಚ್ಚಿಕೊಂಡೇ ಇರುತ್ತಿದ್ದರು. ಈ ಮಾತನ್ನು ಬರೆಯುವಾಗ ನನಗೆ ಎಷ್ಟು ಹೊಟ್ಟೆ ಉರಿಯುತ್ತಿದೆಯೆಂಬುದನ್ನು ತಾವು ಊಹಿಸಬಲ್ಲಿರಿ.

ಸುಟ್ಟ ಬೆರಳುಗಳಿಂದ ಸಹಿ ಮಾಡುವ,
ತಮ್ಮ ವಿಶ್ವಾಸಿ,
ಕನ್ನಡಕದಂಗಡಿಯವಳು

ತಾಜಾಕಲಂ: ನಮ್ಮ ಖ್ಯಾತಿ ಹಬ್ಬಿ, ಬೀದಿಯ ಕೊನೆಯ ಮನೆಯವರು ಆ ಕೀಬೋರ್ಡಿನ ಕಂಪನಿಯದೇ, ಅದರ ಮರುವರ್ಷ ತಯಾರಾದ ಎಲೆಕ್ಟ್ರಾನಿಕ್ ತಾಳದ ಪೆಟ್ಟಿಗೆಯೊಂದನ್ನು ತಂದಿದ್ದಾರೆ. ಬಿಚ್ಚಿ ನೋಡಿದೆವು. ಅದರಲ್ಲಿ ಬ್ಯಾಟರಿಗೆ ಬೆಸುಗೆ ಹಾಕಿದ್ದಲ್ಲದೆ ಮೇಲೆ ಅಂಟನ್ನೂ ಸುರಿದಿದ್ದೀರಿ. ನಡುವೆ ತಮಗೆ ಬಡ್ತಿ ಸಿಕ್ಕಿತ್ತೇ?