ಬೀಗರ ನಕಾಶೆ

ನಮ್ಮ ಬೀಗರಿಗೆ ದಾರಿ ಗೊತ್ತಿಲ್ಲದ ಊರೇ ಇಲ್ಲ. ಅವರು ಮುಟ್ಟಿದ ಊರೂ ಇಲ್ಲ ಎನ್ನುವುದು ಬೇರೆ ಮಾತು!

ಬೀಗರೆಂದರೆ ನನ್ನ ಮಗಳ ಮಾವ. ದೊಡ್ಡ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಜೀವಮಾನವೆಲ್ಲ ಗೆರೆ ಎಳೆದು ರಿಟೈರ್ ಆದವರು. ಅವರು ಕೆಲಸ ಬಿಟ್ಟರೂ ಗೆರೆ ಅವರನ್ನು ಬಿಡಲಿಲ್ಲ. ಒಂದು ಭಾನುವಾರ ಹಳೇ ಪುಸ್ತಕ ಮಾರುವ ಆಬಿಡ್ಸ್ ಫುಟ್‌ಪಾತಿನಲ್ಲಿ ಕೂತು ಹಳೆಯ ನಕಾಶೆ, ಹಕ್ಕಿಯ ಪುಸ್ತಕ, ಗಿಡದ ಪುಸ್ತಕ ಚೀಲದ ತುಂಬ ಆರಿಸಿ ತರುವುದು. ಮುಂದಿನ ಭಾನುವಾರ ನಮ್ಮನ್ನೆಲ್ಲ ಮೆಹದಿಪಟ್ಟಣಂನಲ್ಲಿ ಬಸ್ಸು ಹತ್ತಿಸಿ, ಊರು ದಾಟಿಸಿ, ಬಂಡೆಗಳ ನಡುವೆ ಇಳಿಸುವುದು. ನಿಸರ್ಗ ನೋಡಬೇಕು ಎನ್ನುತ್ತಾರೆ. ನಾವು ನೋಡುತ್ತೇವೆ. ಅವರು ಮಾತ್ರ ನಕಾಶೆಯಿಂದ ತಲೆ ಎತ್ತುವುದಿಲ್ಲ!

ನಾವು ಎಂದರೆ ನಾನು, ನನ್ನ ಮಗಳು, ಎಂಟು ವರ್ಷದ ಮೊಮ್ಮಗಳು. ಅಳಿಯ ಜಾಣ, ಭಾನುವಾರ ಬಂತೆಂದರೆ ಅವನಿಗೆ ಎಲ್ಲಿಲ್ಲದ ಆಫೀಸಿನ ಕೆಲಸ. ಮೊಮ್ಮಗಳ ಸುದ್ದಿ ಶುರು ಮಾಡಿದರೆ ಬೀಗರ ಸುದ್ದಿ ಇವತ್ತಿಗೆ ಮುಗಿಯುವುದಿಲ್ಲ. ಆದರೂ ಒಂದು ಮಾತು ಹೇಳಿಬಿಡುತ್ತೇನೆ: ಆ ಹುಡುಗಿ ನನ್ನ ಕಿರುಬೆರಳು ಹಿಡಿದು ನಡೆದರೆ ನನ್ನ ಮೊಣಕಾಲು ನೋಯುವುದಿಲ್ಲ. ಡಾಕ್ಟರರು ನಂಬುವುದಿಲ್ಲ, ಬಿಡಿ!

ಗಂಡಿನ ಕಡೆಯ ಬೀಗರಿಗೆ ಎದುರಾಡಬಾರದು ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. ಬೀಗರು ದಾರಿ ತಪ್ಪಿಸಿದರೆ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ! ಒಮ್ಮೆ ಆನೆಯಂಥ ಒಂದು ಬಂಡೆಯ ಮುಂದೆ ನಾಲ್ಕು ಸಲ ಹಾದೆವು. ನಾಲ್ಕನೆಯ ಸಲಕ್ಕೆ ತಡೆಯಲಾರದೆ, ಆದರೂ ಮರ್ಯಾದೆ ಬಿಡದೆ, "ಈ ಕಡೀ ಬಂಡಿಗಳೆಲ್ಲಾ ಅವಳಿ ಜವಳಿ ಇದ್ದಂಗ ಅದಾವಲ್ರಿ ಬೀಗರ" ಎಂದೆ. ಅವರು ಭಾಳ ಖುಷಿಯಾಗಿ, ಈ ಸೀಮೆಯ ಬಂಡೆಗಳು ಯಾಕೆ ಒಂದೇ ಥರ ಇರುತ್ತವೆ ಎಂದು ಅರ್ಧ ಗಂಟೆ ತಿಳಿಸಿ ಹೇಳಿದರು. ಆಮೇಲೆ ಐದನೆಯ ಸಲ ಹಾದೆವು.

ಇನ್ನೊಮ್ಮೆ ಅವರ ನಕಾಶೆಯಲ್ಲಿ ದೊಡ್ಡ ಕೆರೆಯೊಂದು ಸಿಕ್ಕಿತು. ಹೋಗಿ ನೋಡಿದರೆ ನೀರಿಲ್ಲ, ಸಾಲಾಗಿ ನೆಟ್ಟ ಬಿಳಿ ಕಲ್ಲು. ಆ ನಕಾಶೆ ನಿಜಾಮರ ಕಾಲದ್ದು! ವಾಚ್‌ಮನ್ ಓಡಿ ಬಂದು, ಪ್ಲಾಟ್ ನೋಡಲು ಬಂದಿರಾ ಎಂದು ತೆಲುಗಿನಲ್ಲಿ ಕೇಳಿದ. ಬೀಗರು ಅವನಿಗೆ ನಕಾಶೆ ಹಿಡಿದು, ಅವನು ನಿಂತಿರುವುದು ಕೆರೆಯ ನಟ್ಟನಡುವೆ ಎಂದು ವಾದಕ್ಕಿಳಿದರು. ಪಾಪ, ವಾದ ಮುಗಿಯುವ ಹೊತ್ತಿಗೆ ಅವನು ತನ್ನ ಕಾಲು ತಾನೇ ನೋಡಿಕೊಳ್ಳುತ್ತಿದ್ದ.

ಹಕ್ಕಿಗಳ ಗತಿಯೂ ಅಷ್ಟೇ. ಒಂದು ಹಕ್ಕಿ ಎದುರಿನ ಗಿಡದಲ್ಲಿ ಕೂತು ಪುಕ್ಕ ನೆಟ್ಟಗೆ ಮಾಡಿಕೊಳ್ಳುತ್ತಿತ್ತು. ಬೀಗರು ಪುಸ್ತಕ ತಿರುವಿ ತಿರುವಿ, ಕೊನೆಗೆ ಪುಟ ಸಿಕ್ಕಿ, ಇದು ಈ ಸೀಮೆಯಲ್ಲಿ ಇರುವುದಿಲ್ಲ ಎಂದು ತೀರ್ಪು ಕೊಟ್ಟರು. ಹಕ್ಕಿಗೂ ಬೀಗತನದ ಮರ್ಯಾದೆ ಗೊತ್ತಿತ್ತೋ ಏನೋ, ಕೂಡಲೇ ಎದ್ದು ಹೋಯಿತು!

ಇಷ್ಟೆಲ್ಲ ನಗುತ್ತ ಹೇಳುತ್ತೇನೆ. ಆದರೆ ಆ ಪುಸ್ತಕಗಳೆಂದರೆ ನನಗೆ ಒಳಗೊಳಗೇ ಅಂಜಿಕೆ. ನಾನು ಕಲಿತದ್ದು ಬೀದರ್ ಕಡೆಯ ಹಳ್ಳಿಯಲ್ಲಿ, ಕನ್ನಡ ನಾಲ್ಕನೇ ಇಯತ್ತೆ. ಪುಸ್ತಕಗಳೆಲ್ಲ ಇಂಗ್ಲಿಷ್. ಮೊಮ್ಮಗಳ ಶಾಲೆಯೂ ಇಂಗ್ಲಿಷ್; ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಒಂದಕ್ಷರ ಓದಲು ಬಾರದು. ಬೀಗರು ಮೊಮ್ಮಗಳ ಕೈಗೆ ಹಕ್ಕಿ ಪುಸ್ತಕ, ಮಗಳ ಕೈಗೆ ಗಿಡದ ಪುಸ್ತಕ ಕೊಡುತ್ತಿದ್ದರು. ನನ್ನ ಕೈಗೆ ರೊಟ್ಟಿಯ ಗಂಟು. ಆಯಿಗೆ, ಅಂದರೆ ಈ ಅಜ್ಜಿಗೆ, ಏನೂ ಬರುವುದಿಲ್ಲ ಎಂದು ಈ ಹುಡುಗಿಗೆ ಯಾವತ್ತಾದರೂ ತಿಳಿದರೆ? ಆಗಲೂ ನನ್ನ ಬೆರಳು ಹಿಡಿಯುತ್ತಾಳೆಯೇ?

ತಿಳಿದೇ ಬಿಟ್ಟಿತು. ಅವತ್ತು ಒಂದು ಕೆರೆಯ ದಂಡೆಗೆ ಹೊರಟವರು, ಎಂದಿನಂತೆ ಮುಟ್ಟದೆ, ಸೀತಾಫಲದ ಗಿಡದ ಕೆಳಗೆ ರೊಟ್ಟಿ ಬಿಚ್ಚಿದ್ದೆವು. ಮೊಮ್ಮಗಳು ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟು, ಹಕ್ಕಿಯೊಂದರ ಹೆಸರಿನ ಮೇಲೆ ಬೆರಳಿಟ್ಟಳು.

"ಆಯಿ, ಇದನ್ನ ಓದು."

"ಚಷ್ಮಾ ಮನ್ಯಾಗ ಬಿಟ್ಟು ಬಂದೀನವ್ವ."

"ಮೂಗಿನ ಮ್ಯಾಲೇ ಐತಲ್ಲ."

ನಾನು ರೊಟ್ಟಿ ಮುರಿಯುತ್ತ ಕೂತೆ. ಅವಳು ನನ್ನ ಮುಖವನ್ನೇ ನೋಡಿ, ಮೆಲ್ಲಗೆ, "ನಿನಗ ಓದಾಕ ಬರಂಗಿಲ್ಲೇನು?" ಎಂದಳು. ಬೀಗರು ನಕಾಶೆಯಿಂದ ತಲೆ ಎತ್ತಿದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. ನನ್ನನ್ನು ನೋಡಿದರು, ಮತ್ತೆ ತಲೆ ತಗ್ಗಿಸಿದರು.

ತಿರುಗಿ ಬರುವಾಗ ಅವರು ಹೆಜ್ಜೆಗೊಮ್ಮೆ ನಿಂತು, ಈ ಗಿಡಕ್ಕೆ ನಿಮ್ಮೂರಲ್ಲಿ ಏನೆನ್ನುತ್ತಾರೆ, ಈ ಕಾಯಿ ತಿನ್ನುತ್ತಾರೆಯೇ ಎಂದು ಕೇಳಿ ಕೇಳಿ ಬರೆದುಕೊಂಡರು. ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮುಂದಿನ ಮೂರು ಭಾನುವಾರ ಕರೆ ಬರಲಿಲ್ಲ. ಓದು ಬರದವಳನ್ನು ಕಟ್ಟಿಕೊಂಡು ಎಲ್ಲಿ ತಿರುಗುವುದು ಎಂದಿರಬೇಕು. ರೊಟ್ಟಿಯ ಬಟ್ಟೆ ಒಗೆದು, ಮಡಚಿ, ಪೆಟ್ಟಿಗೆಯಲ್ಲಿಟ್ಟುಬಿಟ್ಟೆ.

ನಾಲ್ಕನೆಯ ಭಾನುವಾರ ಬೀಗರೇ ಮನೆಗೆ ಬಂದು ನಮ್ಮನ್ನೆಲ್ಲ ಎಬ್ಬಿಸಿಕೊಂಡು ಹೋದರು. ಬಸ್ಸಿಳಿದದ್ದು ಅದೇ ಕೆರೆಯ ದಾರಿಯಲ್ಲಿ. ಚೀಲದಿಂದ ಒಂದು ಹೊಸ ನಕಾಶೆ ತೆಗೆದು ಮೊಮ್ಮಗಳ ಕೈಗಿಟ್ಟರು. ಹರಿಯದಿರಲೆಂದು ಹಿಂದೆ ಬಟ್ಟೆ ಅಂಟಿಸಿ, ಎಂಟು ಮಡಿಕೆ ಮಾಡಿ, ತಾವೇ ಕೂತು ಬಿಡಿಸಿದ್ದು. ಹುಡುಗಿ ಅದನ್ನು ತಿರುಗಿಸಿದಳು, ತಲೆಕೆಳಗು ಮಾಡಿದಳು, ಬಿಸಿಲಿಗೆ ಹಿಡಿದಳು. ಊಹೂಂ. ಅದರಲ್ಲಿದ್ದ ಅಕ್ಷರವೆಲ್ಲ ಕನ್ನಡ!

"ಮುತ್ಯಾ, ಇಲ್ಲೇನು ಬರದೈತಿ?"

ಬೀಗರು ದೂರದ ಬಂಡೆ ನೋಡುತ್ತ, "ನನ್ನ ಚಷ್ಮಾ ಮನ್ಯಾಗ ಉಳದೈತಿ. ನಿಮ್ಮ ಆಯಿನ್ನ ಕೇಳು" ಎಂದರು.

ಚಷ್ಮಾ ಅವರ ಮೂಗಿನ ಮೇಲೆಯೇ ಇತ್ತು. ಹುಡುಗಿ ಆ ಮೂಗನ್ನು ನೋಡಿದಳು, ನನ್ನನ್ನು ನೋಡಿದಳು, ನಕಾಶೆಯನ್ನು ನನ್ನ ಕೈಗಿಟ್ಟಳು.

ನನ್ನ ಕಣ್ಣಿಗೆ ಮೊದಲು ಅಕ್ಷರ ಕಾಣಲೇ ಇಲ್ಲ. ಒರೆಸಿಕೊಂಡ ಮೇಲೆ ಕಂಡವು. ಎಲ್ಲ ನಾನು ಅವತ್ತು ಹೇಳಿದ ಮಾತೇ! 'ಬಾರಿಹಣ್ಣು, ಮುಳ್ಳು ಜ್ವಾಕಿ.' 'ಮುತ್ತಲ ಗಿಡ, ಎಲಿ ಊಟದ ಪತ್ರಾಳಿಗೆ ಬರತೈತಿ.' 'ಈ ಬಂಡಿ ಮ್ಯಾಲೆ ಕೂತು ರೊಟ್ಟಿ ತಿನ್ನೂದು.' ಬೆರಳಿಟ್ಟು ಗಟ್ಟಿಯಾಗಿ ಓದಿದೆ. ಹುಡುಗಿ 'ಬ' ಯಾವುದು, 'ಮ' ಯಾವುದು ಎಂದು ಕೇಳುತ್ತ ನನ್ನ ಕಿರುಬೆರಳಿಗೆ ಜೋತುಬಿದ್ದಳು.

"ನೀವು ಮುಂದ ನಡೀರಿ ಅಕ್ಕಾರ" ಎಂದರು ಬೀಗರು. ತಾವು ಹಿಂದೆ ಬಂದರು.

ಆಲದ ಮರದ ಹತ್ತಿರ ದಾರಿ ಒಡೆಯಿತು. ಬಲಗಡೆ, ಗಿಡಗಳ ಸಂದಿಯಲ್ಲಿ, ಕೆರೆಯ ನೀರು ಫಳಫಳ ಹೊಳೆಯುತ್ತಿತ್ತು. ನಕಾಶೆಯಲ್ಲಿ ಎಡಕ್ಕೆ ಬಾಣ ಹಾಕಿ 'ಕೆರಿ' ಎಂದು ದುಂಡಗೆ ಬರೆದಿತ್ತು.

ನಾನು ಎಡಕ್ಕೆ ತಿರುಗಿದೆ.