ಒತ್ತಿದರೆ ಮಾತ್ರ ಒಲಿಯುವ ಬೆಲ್ಟು

ಯಾವುದನ್ನೂ ಗಟ್ಟಿಯಾಗಿ ಒತ್ತುವುದು ನನ್ನ ಜಾಯಮಾನವಲ್ಲ. ಬೇರೆಯವರ ಮನೆಯ ಕರೆಗಂಟೆಯನ್ನು ನಾನು ಒತ್ತಿದರೆ ಅದು ಸದ್ದು ಮಾಡುವುದಿಲ್ಲ. ಒಳಗಿನವರು ಮಲಗಿದ್ದರೆ ಎಂಬ ಚಿಂತೆ ಬೆರಳಿಗಿಂತ ಮೊದಲೇ ಅಲ್ಲಿಗೆ ತಲುಪಿರುತ್ತದೆ. ಬ್ಯಾಂಕಿನಲ್ಲಿ ನಾನು ಹಾಕಿದ ಮೊಹರು ಕಾಣುವುದಿಲ್ಲವೆಂದು ಕಾಗದಗಳು ಹಿಂದಿರುಗಿದ್ದುಂಟು. ನಾಶಿಕದಲ್ಲಿದ್ದಾಗ ವೈದ್ಯರೊಬ್ಬರು ಮನಸ್ಸು ಹಗುರವಾಗುವಂಥ ಹವ್ಯಾಸವೊಂದನ್ನು ಹಿಡಿಯಿರಿ ಎಂದರು. ಅವರು ಯೋಚಿಸಿದ್ದು ಗುಲಾಬಿ ಗಿಡವೋ ಏನೋ. ನಾನು ಚಾಕು ಮಾಡಲೆಂದು, ಉಪ್ಪುಕಾಗದದಂಥ ಪಟ್ಟಿ ಗರಗರ ಓಡಿ ಲೋಹವನ್ನು ಉಜ್ಜುವ ಬೆಲ್ಟ್ ಗ್ರೈಂಡರ್ ತಂದೆ.

ಅಲ್ಲಿಂದ ಸಂಭಾಜಿನಗರಕ್ಕೆ ವರ್ಗವಾದಾಗ, ನನ್ನ ಹೆಂಡತಿ ಮಹಾನಂದಾ ಬೀದರಿನ ತವರಿನಿಂದ ತಂದಿದ್ದ ಈಳಿಗೆಯನ್ನು ನಾನೇ ಕಟ್ಟಿದೆ. ಅವಳ ಅವ್ವನ ಕೈಯ ಈಳಿಗೆ, ಆಕೆ ಈಗಿಲ್ಲ. ಏನೂ ಆಗಬಾರದೆಂದು ಹೊದಿಕೆಯ ಮೇಲೆ ಹೊದಿಕೆ ಸುತ್ತಿದ್ದರಿಂದ ಲಾರಿಯವರು ಅದನ್ನು ಹಾಸಿಗೆಯೆಂದು ತಿಳಿದು ಕಬ್ಬಿಣದ ಕಪಾಟನ್ನು ಮೇಲಿಟ್ಟರು. ಮಣೆ ಸೀಳಿ, ಅಲಗು ಬುಡದಲ್ಲಿ ಮುರಿಯಿತು. ಮಹಾನಂದಾ ಬೈಯಲಿಲ್ಲ. ಅಲಗನ್ನು ಒರೆಸಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು. ಬೈದಿದ್ದರೆ ನಾನು ನಿಶ್ಚಿಂತೆಯಿಂದ ಇರಬಹುದಿತ್ತು. ಆ ಮುರಿದ ಅಲಗಿನಿಂದಲೇ ಚಾಕು ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಊರಿನ ಕೈಗಾರಿಕಾ ಪ್ರದೇಶವಾದ ಚಿಕಲಠಾಣಾದ ಅಂಗಡಿಯವನು ಸೆರಾಮಿಕ್ ಬೆಲ್ಟುಗಳನ್ನು ಕೊಡುವಾಗಲೇ ಹೇಳಿದ್ದ: ಯಂತ್ರವನ್ನು ವೇಗವಾಗಿ ಓಡಿಸಿ, ಜೋರಾಗಿ ಒತ್ತಿ, ಒತ್ತಿದಾಗ ಬೆಲ್ಟಿನ ಹರಳುಗಳು ಒಡೆದು ಹೊಸ ಮೊನೆ ಬರುತ್ತದೆ, ಸುಮ್ಮನೆ ಸವರಿದರೆ ನುಣುಪಾಗಿ ಕೂತುಬಿಡುತ್ತವೆ. ನಾನು ತಲೆಯಾಡಿಸಿದೆ. ತಲೆಯಾಡಿಸಲು ಬಲ ಬೇಕಾಗುವುದಿಲ್ಲ. ಆದರೆ ಅತ್ತೆಯ ಉಕ್ಕನ್ನು ಕೈಯಲ್ಲಿ ಹಿಡಿದು ನಿಂತಾಗ ಯಂತ್ರವನ್ನು ನಿಧಾನಕ್ಕಿಳಿಸಿ, ಕೂಸಿನ ಕೆನ್ನೆ ಮುಟ್ಟಿದಂತೆ ಮುಟ್ಟಿಸಿದೆ. ಕೆಲ ಹೊತ್ತಿನಲ್ಲೇ ಬೆಲ್ಟು ಕನ್ನಡಿಯಂತೆ ಮಿನುಗಿತು. ಕಿಡಿಯಿಲ್ಲ, ಬರೀ ಬಿಸಿ. ಬೆಲ್ಟು ಬದಲಿಸಿದೆ, ಅದೂ ಹಾಗೆಯೇ ಆಯಿತು. ಅಲಗಿನ ಅಂಚು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಇನ್ನೂ ಕಾದು ನೀಲಿಯಾದರೆ ಉಕ್ಕು ಮೆತ್ತಗಾಗಿ ಹರಿತ ನಿಲ್ಲುವುದಿಲ್ಲ. ಇನ್ನೊಂದು ಅಲಗು ತರಲು ಅವ್ವ ಇಲ್ಲ.

ಬೆಲ್ಟು ನಕಲಿಯಿರಬಹುದೆಂದು ಅಂಗಡಿಯವನಿಗೆ ಬಹಳ ವಿನಯದಿಂದ ಫೋನು ಮಾಡಿದೆ. ಒತ್ತುತ್ತಿದ್ದೀರಲ್ಲವೇ ಎಂದು ಮರಾಠಿಯಲ್ಲಿ ಕೇಳಿದ. ಒತ್ತುತ್ತಿದ್ದೇನೆ ಎಂದೆ. ನನ್ನ ಮಟ್ಟಿಗೆ ಅದು ನಿಜವೇ ಆಗಿತ್ತು.

ಮಹಾನಂದಾ ಯಾವಾಗಲೋ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದಳು, ಕೈಯಲ್ಲಿ ಜೋಳದ ಹಿಟ್ಟು.

"ಏನ್ರಿ, ಅದಕ್ಕ ಕಚಗುಳಿ ಇಡ್ಲಕತ್ತೀರೇನು?"

ನಿನ್ನ ಅವ್ವನ ಅಲಗು, ಹಾಳಾದರೆ ಹೇಗೆ ಎಂದೆ.

"ಅವ್ವ ಅದರಾಗ ಕುಂಬಳಕಾಯಿ ಸೀಳತಿದ್ದಳು. ನೀವು ಹೆದರಿಕೋತ ಹಿಟ್ಟು ನಾದಿದ್ರ ರೊಟ್ಟಿ ಅಂಚು ಒಡೀತದ. ಇದೂ ಅಷ್ಟ. ಒತ್ರಿ."

ಕೈ ತೊಳೆದು ಬಂದು, ಮಿಕ್ಕ ಹೊಸ ಬೆಲ್ಟನ್ನು ನನ್ನಿಂದಲೇ ಹಾಕಿಸಿ, ವೇಗವನ್ನೂ ಹೆಚ್ಚಿಸಲು ಹೇಳಿ, ನನ್ನ ಕೈಯ ಮೇಲೆ ತನ್ನ ಕೈಯಿಟ್ಟು ಒತ್ತಿದಳು. ಕಿಡಿಗಳು ಅಕ್ಷತೆಯಂತೆ ಸುರಿದವು. ಮದುವೆಯಲ್ಲೂ ಅವಳು ನನ್ನ ಕೈಯನ್ನು ಇಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ. ಒಂದೆಳೆತ, ನೀರಿನಲ್ಲಿ ಅದ್ದು, ಮತ್ತೊಂದೆಳೆತ. ಹಳದಿಯಾದ ಅಂಚು ಸವೆದುಹೋಗಿ ಕೆಳಗಿನ ಬಿಳಿ ಉಕ್ಕು ಕಂಡಿತು. ಅದನ್ನು ಹೆಬ್ಬೆರಳಿನಿಂದ ಸವರಿ ಮಹಾನಂದಾ ಸೆರಗಿನಿಂದ ಒರೆಸಿದಳು. ಈ ಸಲ ಅಲಗು ಹಿಟ್ಟಿನ ಡಬ್ಬಿಯ ಹಿಂದೆ ಹೋಗಲಿಲ್ಲ, ನನ್ನ ಕೈಗೇ ಬಂತು. ಇಷ್ಟು ವರ್ಷದಲ್ಲಿ ಅಷ್ಟು ವ್ಯತ್ಯಾಸ ನನಗೂ ತಿಳಿಯುತ್ತದೆ.

ಹಿಡಿ ಕೂರಿಸಿದ ಮೇಲೆ ಮೊದಲ ಬದನೆಕಾಯಿಯನ್ನು ಹೆಚ್ಚುವ ಗೌರವ ನನಗೇ ಸಿಕ್ಕಿತು. ಹೊಸದಾಗಿ ಕಲಿತ ಧೈರ್ಯ ಕೈಯಲ್ಲಿತ್ತು. ಪೂರ್ತಿ ಬಲ ಹಾಕಿ ಒತ್ತಿದೆ. ಚಾಕು ಬದನೆಕಾಯಿಯನ್ನು ದಾಟಿ ನನ್ನ ಬೆರಳಿನವರೆಗೂ ಸಲೀಸಾಗಿ ಬಂತು. ಹರಿತವಾದದ್ದನ್ನು ಒತ್ತಬಾರದೆಂಬ ಪಾಠವನ್ನು ಅಂಗಡಿಯವನೂ ಹೇಳಿರಲಿಲ್ಲ.

ಮಹಾನಂದಾ ಅರಿಶಿನ ಹಚ್ಚಿ ಬಟ್ಟೆ ಸುತ್ತತೊಡಗಿದಳು. ಸ್ವಲ್ಪ ಮೆಲ್ಲಗೆ ಎಂದೆ.

"ರಕ್ತ ನಿಲ್ಲಬೇಕಂದ್ರ ಒತ್ತಲೇಬೇಕ್ರಿ," ಎಂದು ಒತ್ತಿದಳು. ನಾನು ಕಿರುಚಿದ್ದು ಪಕ್ಕದ ಮನೆಯವರಿಗೆ ಕೇಳಿಸಿತಂತೆ. ಅವರು ಬಂದು ನಮ್ಮ ಕರೆಗಂಟೆಯನ್ನು ಬಹಳ ಜೋರಾಗಿಯೇ ಒತ್ತಿದರು.